ಒರಗುವ ಕುರ್ಚಿ, ಕಳಚುವ ಗವುಸು

ಐದು ವರ್ಷಗಳ ಹಿಂದೆ ಅವ್ವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದಾಗ ಡೊಂಬಿವಲಿಯ ನಮ್ಮ ಮನೆಗೆ ಒಂದು ಒರಗುವ ಸೋಫಾ ಬಂದಿತು. ಪಕ್ಕದ ಹಿಡಿಯನ್ನು ಎಳೆದರೆ ಬೆನ್ನು ಹಿಂದಕ್ಕೆ ಬಾಗುತ್ತದೆ. ಕಾಲಿನ ಕೆಳಗಿನಿಂದ ಇನ್ನೊಂದು ಮೆತ್ತೆ ಮೇಲಕ್ಕೆದ್ದು ಬರುತ್ತದೆ. ಅಂಗಡಿಯವರು ಅದನ್ನು ರಿಕ್ಲೈನರ್ ಎಂದರು. ಅವ್ವ ಮಾತ್ರ ಮೊದಲ ದಿನವೇ ಅದಕ್ಕೆ ‘ಇಮಾನದ ಕುರ್ಚಿ’ ಎಂದು ಹೆಸರಿಟ್ಟಳು. ನೆಲದ ಮೇಲೆ ಕೂತು ಏಳುವುದು ಅವಳಿಂದ ಇನ್ನು ಆಗುವಂತಿರಲಿಲ್ಲ. ಹೀಗಾಗಿ ಹಗಲಿನ ಹೆಚ್ಚಿನ ಹೊತ್ತು, ನೋವು ಹೆಚ್ಚಾದರೆ ರಾತ್ರಿಯೂ, ಅವಳ ವಾಸ ಅದರಲ್ಲೇ.

ಕಳೆದ ಮಳೆಗಾಲದಲ್ಲಿ ಆ ಕುರ್ಚಿಯ ‘ಚರ್ಮ’ ಸುಲಿಯತೊಡಗಿತು. ಮೊದಲು ತಲೆ ತಾಗುವ ಜಾಗ, ಆಮೇಲೆ ತೋಳು, ಆಮೇಲೆ ಕೂಡುವ ಜಾಗ. ಅವ್ವ ಎದ್ದು ನಿಂತರೆ ಸೀರೆಯ ತುಂಬ ಕಂದು ಹೊಟ್ಟು. ಕೊಂಡ ಅಂಗಡಿಗೆ ಫೋನು ಮಾಡಿ ಕೇಳಿದೆವು. ಹೊದಿಕೆ ಬದಲಿಸುವ ವ್ಯವಸ್ಥೆ ಇಲ್ಲ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ, ಬೆಲೆಯಲ್ಲಿ ಇಷ್ಟು ಕಡಿಮೆ ಮಾಡುತ್ತೇವೆ ಎಂದರು. ಒಳಗಿನ ಮರ ಗಟ್ಟಿ, ಕಬ್ಬಿಣ ಗಟ್ಟಿ, ಸ್ಪ್ರಿಂಗು ಗಟ್ಟಿ. ಹೊರಗಿನ ಕಾಗದದಂಥ ಪೊರೆ ಹೋಯಿತೆಂದು ಇಡೀ ಕುರ್ಚಿಯನ್ನು ಎಸೆಯಬೇಕಂತೆ!

ಅದೇ ವಾರ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಅಪ್ಪನ ಆರಾಮ ಕುರ್ಚಿ ಕೈಗೆ ಬಂತು. 1974ರಲ್ಲಿ ಅಪ್ಪ ನೌಕರಿಗೆಂದು ಧಾರವಾಡ ಬಿಟ್ಟು ಹೊರಟಾಗ ಹಾಸಿಗೆಯ ಸುರುಳಿಯೊಂದಿಗೆ ಕಟ್ಟಿಕೊಂಡು, ಮೀರಜದಲ್ಲಿ ಗಾಡಿ ಬದಲಿಸಿ, ಮುಂಬಯಿಯವರೆಗೆ ತಂದ ಕುರ್ಚಿ ಅದು. ಸಾಗವಾನಿಯ ಚೌಕಟ್ಟು, ಹಿಂಬದಿಯಲ್ಲಿ ಕಚ್ಚುಗಳಿರುವ ಪಟ್ಟಿ, ಎರಡು ಗುಂಡು ಕೋಲು. ಬಟ್ಟೆ ಎಂದೋ ಜೀರ್ಣವಾಗಿ ಹೋಗಿತ್ತು. ಎರಡು ಕುರ್ಚಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನಮಗೆ ಒಂದು ಪ್ರಶ್ನೆ ಹುಟ್ಟಿತು. ಎರಡೂ ಒಂದೇ ಕೆಲಸಕ್ಕೆ ಹುಟ್ಟಿದವು: ದಣಿದ ಬೆನ್ನಿಗೆ ಆಸರೆ ಕೊಡುವುದಕ್ಕೆ. ಒಂದರ ಬಟ್ಟೆಯನ್ನು ಅವ್ವ ಹತ್ತು ನಿಮಿಷದಲ್ಲಿ ಬದಲಿಸುತ್ತಿದ್ದಳು. ಇನ್ನೊಂದರ ಹೊದಿಕೆಯನ್ನು ಮಾರಿದವರೇ ಬದಲಿಸಲಾರೆವೆನ್ನುತ್ತಾರೆ. ಈ ಎರಡರ ನಡುವೆ ಏನು ನಡೆಯಿತು? ಅದನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನು ಓದುಗರೊಂದಿಗೆ ಹಂಚಿಕೊಳ್ಳೋಣವೆಂದು ಈ ಬರಹ.

ನಮ್ಮ ಕಡೆಯ ಸಾಮಾನ್ಯ ಮನೆಗಳೊಳಗೆ ಕುರ್ಚಿ ಬಂದದ್ದು ತಡವಾಗಿ. ಒರಗುವ ಸುಖ ಮಾತ್ರ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಇಪ್ಪತ್ತು ಉಪಭೋಗಗಳನ್ನು ಎಣಿಸುತ್ತ, ಸ್ನಾನ ತಾಂಬೂಲಗಳ ಸಾಲಿನಲ್ಲೇ ಆಸನಕ್ಕೊಂದು, ಶಯ್ಯೆಗೊಂದು ಬೇರೆಬೇರೆ ಸ್ಥಾನ ಕೊಟ್ಟಿದ್ದಾನೆ. ಅರಸನ ಮಾತು ಅರಸನಿಗಿರಲಿ. ನಮ್ಮ ಉತ್ತರ ಕರ್ನಾಟಕದ ಪಡಸಾಲೆಗಳಲ್ಲಿ ನೆಲಕ್ಕೆ ನವಲಗುಂದದ ಜಮಖಾನೆ, ಅದರ ಮೇಲೆ ಗಾದಿ, ಗೋಡೆಗೆ ಆನಿಸಿದ ಲೋಡು, ಇಷ್ಟಿದ್ದರೆ ಬಂದವರಿಗೆ ಬೇಕಾದ ಸುಖವೆಲ್ಲ ಒದಗುತ್ತಿತ್ತು. ನೆಟ್ಟಗೆ ಕೂಡಬೇಕೆ, ಲೋಡನ್ನು ಗೋಡೆಗೆ ಒತ್ತಿ. ಒರಗಬೇಕೆ, ತುಸು ಮುಂದಕ್ಕೆ ಎಳೆದುಕೊಳ್ಳಿ. ಮಲಗಬೇಕೆ, ತಲೆಯ ಕೆಳಗೆ ಹಾಕಿಕೊಳ್ಳಿ. ಇಂದಿನ ರಿಕ್ಲೈನರಿನ ಮೂರು ‘ಪೊಸಿಷನ್ನು’ಗಳೂ ಅದರಲ್ಲಿವೆ, ಹಿಡಿಯೂ ಬೇಕಿಲ್ಲ, ಮೋಟರೂ ಬೇಕಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಗವುಸು. ಕೆಲವರ ಮನೆಗಳಲ್ಲಿ ಅದಕ್ಕೆ ಗಲೀಫು ಎನ್ನುತ್ತಾರೆ. ಒಳಗೆ ಅರಳೆ ತುಂಬಿದ ದಪ್ಪ ಚೀಲ ಒಂದು, ಹೊರಗೆ ಲಾಡಿ ಕಟ್ಟಿದ ತೆಳು ಬಿಳಿಯ ಗವುಸು ಒಂದು. ಅರಳೆಯ ಆಯುಷ್ಯವೇ ಬೇರೆ, ಗವುಸಿನ ಆಯುಷ್ಯವೇ ಬೇರೆ ಎಂಬುದನ್ನು ಆ ಜನ ಚೆನ್ನಾಗಿ ಬಲ್ಲವರಾಗಿದ್ದರು. ಗವುಸು ಹದಿನೈದು ದಿನಕ್ಕೊಮ್ಮೆ ಹಳ್ಳಕ್ಕೋ ಬಾವಿಗೋ ಹೋಗಿ ಬರುತ್ತಿತ್ತು. ಅರಳೆ ಗಟ್ಟಿಯಾದಾಗ ಪಿಂಜಾರರು ಬರುತ್ತಿದ್ದರು. ಹೆಗಲ ಮೇಲೆ ಉದ್ದನೆಯ ಬಿಲ್ಲು, ಕೈಯಲ್ಲಿ ಮರದ ಗುದ್ದಿ. ಬಿಲ್ಲಿನ ನರವನ್ನು ಗುದ್ದಿಯಿಂದ ಮೀಟಿದರೆ ಆ ಕಂಪನಕ್ಕೆ ಅರಳೆ ಎಳೆಎಳೆಯಾಗಿ ಬಿಡಿಸಿಕೊಂಡು ಹಾರುತ್ತಿತ್ತು, ಧೂಳು ಕೆಳಗೆ ಉದುರುತ್ತಿತ್ತು. ಸಂಜೆಯ ಹೊತ್ತಿಗೆ ಹಳೆಯ ಗಾದಿ ಹೊಸದಾಗಿ ಅಂಗಳದಲ್ಲಿ ಉಬ್ಬಿ ಕೂತಿರುತ್ತಿತ್ತು. ನದಾಫರೆಂದೂ ಕರೆಯುವ ಈ ಕಸುಬಿನ ಮನೆತನಗಳು ಕರ್ನಾಟಕದ ಉದ್ದಗಲಕ್ಕೂ ಇವೆ. ಬಿಲ್ಲಿನ ಟಂಯ್‌ಟಂಯ್ ಸದ್ದನ್ನು ಮುಂಬಯಿಯ ಚಾಳುಗಳಲ್ಲಿ ಬೆಳೆದವರೂ ಕೇಳಿರಬೇಕು. ಗಾದಿಯನ್ನು ಎಸೆಯುವುದೆಂಬ ಮಾತೇ ಆಗ ಇರಲಿಲ್ಲ. ಅರಳೆಗೆ ಅರಳೆ ಸೇರಿಸುತ್ತಿದ್ದರು, ಅಷ್ಟೆ.

ಇಂಗ್ಲಿಷರ ಕಾಲದಲ್ಲಿ ಒರಗುವ ಕುರ್ಚಿ ನಮ್ಮೂರುಗಳಿಗೆ ಎರಡು ರೂಪದಲ್ಲಿ ಬಂದಿತು. ಒಂದು, ಪ್ರವಾಸಿ ಬಂಗಲೆಯ ಬೆತ್ತದ ಕುರ್ಚಿ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳ ಬಂಗಲೆಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಬೆನ್ನಿನಿಂದ ಮಂಡಿಯವರೆಗೆ ಒಂದೇ ಇಳಿಜಾರು. ಕೈಗಳ ಅಡಿಯಿಂದ ಎರಡು ಉದ್ದನೆಯ ಹಲಗೆಗಳು ಹೊರಕ್ಕೆ ತಿರುಗಿ ಬರುತ್ತವೆ. ತೋಟ ಸುತ್ತಿ ಬಂದ ದೊರೆ ಬೂಟುಗಾಲನ್ನು ಅವುಗಳ ಮೇಲೆ ಚಾಚಿ ಒರಗಬೇಕು, ಜವಾನ ಬಂದು ಬೂಟು ಎಳೆಯಬೇಕು; ಹಾಗಿತ್ತು ಏರ್ಪಾಡು. ಅದರ ಹೊದಿಕೆಯೆಂದರೆ ಬೆತ್ತದ ಹೆಣಿಗೆ. ಸೆಕೆಯ ದೇಶದಲ್ಲಿ ಬೆನ್ನಿಗೆ ಗಾಳಿಯಾಡಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹರಿದರೆ ಚೌಕಟ್ಟಿನ ತೂತುಗಳಿಗೆ ಹೊಸ ಬೆತ್ತದ ಎಳೆಗಳನ್ನು ನೀರಿನಲ್ಲಿ ನೆನೆಸಿ ಮತ್ತೆ ಹೆಣೆಯುತ್ತಿದ್ದರು. ಇದು ಕೈಪಳಗಿದವರ ಕೆಲಸ, ಎಲ್ಲರಿಗೂ ಬಾರದು.

ಇನ್ನೊಂದು ನಮ್ಮ ಅಪ್ಪನದು: ಬಟ್ಟೆಯ ಆರಾಮ ಕುರ್ಚಿ. ಇದರ ನಂಟು ಹಡಗಿನ ಅಟ್ಟದ ಮೇಲೆ ಹಾಕುತ್ತಿದ್ದ ಮಡಿಸುವ ಕುರ್ಚಿಯೊಂದಿಗೆ. 1886ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಮೂರ್ ಎಂಬಾತ ಎತ್ತಿಳಿಸಬಲ್ಲ, ಮಡಿಸಿ ಒಯ್ಯಬಲ್ಲ ಕುರ್ಚಿಗೆ ಪೇಟೆಂಟ್ ಪಡೆದು ಮ್ಯಾಕಲ್ಸ್‌ಫೀಲ್ಡ್ ಊರಿನಲ್ಲಿ ತಯಾರಿಸತೊಡಗಿದ. ಒಂದರೊಳಗೊಂದು ಕೂಡುವ ಎರಡು ಚೌಕಟ್ಟು, ನಡುವೆ ಜೋತುಬಿದ್ದ ಒಂದೇ ಒಂದು ಕ್ಯಾನ್ವಾಸು ಪಟ್ಟಿ. ಹಿಂದಿನ ಕೋಲನ್ನು ಒಂದು ಕಚ್ಚಿನಿಂದ ಇನ್ನೊಂದಕ್ಕೆ ಸರಿಸಿದರೆ ಬೆನ್ನು ಬಾಗುತ್ತದೆ. ನಮ್ಮ ಬಡಿಗರು ಇದೇ ತತ್ತ್ವವನ್ನು ಹಿಡಿದು, ತೋಳುಗಳನ್ನು ಸೇರಿಸಿ, ಸಾಗವಾನಿಯಲ್ಲೋ ಬೀಟೆಯಲ್ಲೋ ಗಟ್ಟಿಮುಟ್ಟಾಗಿ ಮಾಡಿಕೊಟ್ಟರು. ಮಾಸ್ತರರು, ವಕೀಲರು, ಶಾನುಭೋಗರು ಹೀಗೆ ಓದುಬರಹದ ಜನರ ಮನೆಗಳಿಗೆಲ್ಲ ಅದು ಹೊಕ್ಕಿತು.

ಈ ಕುರ್ಚಿಯ ಹೊದಿಕೆ ಎಷ್ಟು ಸರಳವೆಂದರೆ ಅದನ್ನು ಹೊದಿಕೆಯೆಂದು ಯಾರೂ ಕರೆಯುತ್ತಿರಲಿಲ್ಲ. ಎರಡು ಗಜದ ಒಳಗಿನ ದಪ್ಪ ಬಟ್ಟೆ. ಎರಡೂ ತುದಿಗೆ ಕೋಲು ತೂರುವಷ್ಟು ಅಗಲದ ಮಡಿಕೆ ಹೊಲಿಗೆ. ಕೋಲು ತೂರಿಸಿ ಚೌಕಟ್ಟಿನ ತೂತಿಗೆ ಸಿಕ್ಕಿಸಿದರೆ ಮುಗಿಯಿತು. ಅವ್ವ ಪ್ರತಿ ದೀಪಾವಳಿಗೆ ಬಿಚ್ಚಿ ಒಗೆದು ಗಂಜಿ ಹಾಕುತ್ತಿದ್ದಳು. ಅಪ್ಪನ ತಲೆಯೆಣ್ಣೆಯ ಕಲೆ ಮೇಲಿನ ತುದಿಯಲ್ಲಿ ಬಿದ್ದರೆ ಮುಂದಿನ ಸಲ ತಿರುವು ಮುರುವು ಮಾಡಿ ಹಾಕುತ್ತಿದ್ದಳು. ಇದರಿಂದ ಬಟ್ಟೆಯ ಬಾಳಿಕೆ ಇಮ್ಮಡಿ. ಹುಡುಗರಾದ ನಮಗೆ ಆ ಕೋಲಿನ ಇನ್ನೊಂದು ಉಪಯೋಗ ಗೊತ್ತಿತ್ತು. ಅದನ್ನು ಮೆಲ್ಲಗೆ ಹೊರಕ್ಕೆಳೆದು, ಬಟ್ಟೆಯನ್ನು ಮೊದಲಿನಂತೆ ಹಾಸಿಟ್ಟು, ಮನೆಗೆ ಬರುವ ಮಾವನನ್ನು ಕಾಯುವುದು! ಕನ್ನಡನಾಡಿನಲ್ಲಿ ಆರಾಮ ಕುರ್ಚಿಯಿದ್ದ ಯಾವ ಮನೆಯೂ ಈ ಕಿಡಿಗೇಡಿತನದಿಂದ ತಪ್ಪಿಸಿಕೊಂಡಿರಲಾರದು.

ಇನ್ನು ಸೋಫಾದ ಕಡೆಗೆ ಬರೋಣ. ಸೋಫಾ ಎಂಬ ಮಾತು ಇಂಗ್ಲಿಷಿನದಲ್ಲ, ಅರಬ್ಬಿಯ ‘ಸುಫ್ಫಾ’ದಿಂದ ಬಂದದ್ದು. ಹಾಸು, ದಿಂಬು ಹಾಕಿದ ಎತ್ತರದ ಕಟ್ಟೆ ಎಂದು ಅದರ ಅರ್ಥ. ಎಂದರೆ ನಮ್ಮ ಗಾದಿ ಲೋಡಿನ ಬಂಧುವೇ. ಅದು ಯುರೋಪಿಗೆ ಹೋದಮೇಲೆ ಕಾಲು ಮೂಡಿತು, ಬೆನ್ನು ಮೂಡಿತು, ಕೊನೆಗೆ ಮೆತ್ತೆಯೂ ಮರವೂ ಒಂದಕ್ಕೊಂದು ಅಂಟಿಕೊಂಡವು. ಲಂಡನ್ನಿನಲ್ಲಿ ಮೆತ್ತೆ ಕೆಲಸದವರಿಗೆ ತಮ್ಮದೇ ಒಂದು ಸಂಘವಿತ್ತು; 1626ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಅದಕ್ಕೆ ಸನ್ನದು ಕೊಟ್ಟ. ಅವರ ವಿದ್ಯೆ ಸಣ್ಣದಲ್ಲ. ಚೌಕಟ್ಟಿಗೆ ಅಡ್ಡಡ್ಡ ಉದ್ದುದ್ದ ನವಾರು ಪಟ್ಟಿ, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಕುದುರೆಯ ಕೂದಲು, ಮತ್ತೆ ಬಟ್ಟೆ, ಎಲ್ಲಕ್ಕೂ ಮೇಲೆ ರೇಷ್ಮೆಯೋ ಚರ್ಮವೋ, ಅಂಚಿಗೆ ಸಾಲು ಮೊಳೆ. 19ನೆಯ ಶತಮಾನದಲ್ಲಿ ಇದಕ್ಕೆ ಕಬ್ಬಿಣದ ಸುರುಳಿ ಸ್ಪ್ರಿಂಗು ಸೇರಿತು. ವಿಯೆನ್ನಾದ ಗೇಯೊರ್ಗ್ ಯುನಿಗ್ಲ್ 1822ರಲ್ಲಿ, ಲಂಡನ್ನಿನ ಸ್ಯಾಮುಯೆಲ್ ಪ್ರಾಟ್ 1828ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಸ್ಪ್ರಿಂಗು ಬಂದಮೇಲೆ ಮೆತ್ತೆ ದಪ್ಪವಾಯಿತು, ಸ್ಪ್ರಿಂಗನ್ನು ಅದುಮಿ ಹಿಡಿಯಲು ಹೊದಿಕೆ ಬಿಗಿಯಾಗಬೇಕಾಯಿತು. ಹೊದಿಕೆ ಮನೆಯವರ ಕೈ ತಪ್ಪಿ ಕಸುಬಿನವನ ಕೈಗೆ ಹೋದದ್ದು ಹೀಗೆ.

ಆದರೆ ಅಲ್ಲಿಯ ಗೃಹಿಣಿಯರೂ ಅಷ್ಟು ಸುಲಭವಾಗಿ ಸೋತವರಲ್ಲ. 18ನೆಯ ಶತಮಾನದ ಶ್ರೀಮಂತರ ಮನೆಗಳಲ್ಲಿಯೇ ರೇಷ್ಮೆಯ ಕುರ್ಚಿಗಳಿಗೆ ಚೌಕಳಿಯ ನಾರುಬಟ್ಟೆಯ ಕಳಚುವ ಗವುಸುಗಳಿರುತ್ತಿದ್ದವು. ದಿನದಿನದ ಬಳಕೆಗೆ ಗವುಸು, ದೊಡ್ಡವರು ಬಂದಾಗ ಮಾತ್ರ ರೇಷ್ಮೆಯ ದರ್ಶನ. ನಮ್ಮಲ್ಲಿಯೂ ಸೋಫಾ ಕೊಂಡ ದಿನದಿಂದ ಅದರ ನಿಜವಾದ ಬಣ್ಣ ಯಾವುದೆಂದು ಮನೆಯ ಮಕ್ಕಳಿಗೇ ಗೊತ್ತಿಲ್ಲದಂತೆ ಮುಚ್ಚಿಡುವ ಮನೆಗಳುಂಟಷ್ಟೆ? ನಗುವ ಕಾರಣವಿಲ್ಲ. ಇಂಗ್ಲೆಂಡಿನಲ್ಲಿ ಗಂಡಸರು ತಲೆಗೆ ಮಕಾಸರ್ ಎಣ್ಣೆ ಹಚ್ಚುವ ಶೋಕಿ ಬೆಳೆದಾಗ ಕುರ್ಚಿಯ ಬೆನ್ನುಗಳೆಲ್ಲ ಜಿಡ್ಡಾದವು. ಆಗ ಹೆಂಗಸರು ಹೆಣಿಗೆಯ ಚೌಕಗಳನ್ನು ಮಾಡಿ ಬೆನ್ನಿನ ಮೇಲೆ ಹಾಸಿದರು. ಆ ಬಟ್ಟೆಗೆ ಇಂಗ್ಲಿಷಿನಲ್ಲಿ ‘ಆಂಟಿಮಕಾಸರ್’ ಎಂದೇ ಹೆಸರಾಯಿತು. ಕೊಬ್ಬರಿ ಎಣ್ಣೆಯ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅತ್ತೆ, ಚಿಕ್ಕಮ್ಮಂದಿರು ಕ್ರೋಶದ ಕಡ್ಡಿ ಹಿಡಿದು ಹೆಣೆದು ಸೋಫಾದ ಬೆನ್ನಿಗೆ ಹಾಕಿದ ನವಿಲು, ಗುಲಾಬಿಗಳೆಲ್ಲ ಅದೇ ವಂಶದವು.

ಬೆನ್ನು ಬಾಗುವ ಮೆತ್ತೆಯ ಕುರ್ಚಿಯ ಕಥೆಯಲ್ಲಿ ಮೊದಲು ಬರುವ ಹೆಸರು ಮಾರಿಸನದು. ವಿಲಿಯಂ ಮಾರಿಸ್ ಕವಿ, ಚಿತ್ರಗಾರ, ಸಮಾಜವಾದಿ. ಅವನ ಕುರ್ಚಿಯನ್ನು ಮಾತ್ರ ಅವನು ಕಲ್ಪಿಸಿದ್ದಲ್ಲ. ಅವನ ಅಂಗಡಿಯ ವ್ಯವಸ್ಥಾಪಕ ವಾರಿಂಗ್ಟನ್ ಟೇಲರ್ 1866ರಲ್ಲಿ ಸಸೆಕ್ಸಿನ ಹರ್ಸ್ಟ್‌ಮನ್ಸೂ ಎಂಬ ಹಳ್ಳಿಯ ಎಫ್ರೇಮ್ ಕೋಲ್ಮನ್ ಎಂಬ ಮುದಿ ಬಡಿಗನ ಬಳಿ ಅಂಥದೊಂದು ಕುರ್ಚಿ ಕಂಡು, ಅದರ ವಿವರವನ್ನು ಫಿಲಿಪ್ ವೆಬ್‌ಗೆ ಬರೆದು ಕಳಿಸಿದ. ವೆಬ್ ಅದನ್ನು ತಿದ್ದಿ ರೂಪಿಸಿದ. ಬೆನ್ನಿನ ಚೌಕಟ್ಟು ಕೆಳಗೆ ತಿರುಗಣೆಯ ಮೇಲೆ ನಿಂತಿದೆ. ಹಿಂದೆ ಒಂದು ಅಡ್ಡ ಸರಳು. ಸರಳನ್ನು ಒಂದು ಕಚ್ಚು ಹಿಂದಕ್ಕಿಟ್ಟರೆ ಬೆನ್ನು ಅಷ್ಟು ಬಾಗುತ್ತದೆ. ಹಳ್ಳಿಯ ಬಡಿಗನ ಹೆಸರು ಪತ್ರವೊಂದರಲ್ಲಿ ಉಳಿಯಿತು, ಕುರ್ಚಿಗೆ ಮಾರಿಸನ ಹೆಸರು ನಿಂತಿತು. ಲೋಕದ ರೀತಿ! ನಮಗೆ ಮುಖ್ಯವಾದದ್ದು ಬೇರೆ. ಆ ಕುರ್ಚಿಯ ಎರಡು ಮೆತ್ತೆಗಳೂ ಬಿಡಿ. ಎತ್ತಿ ಬಿಸಿಲಿಗೆ ಹಾಕಬಹುದು, ಗವುಸು ಬಿಚ್ಚಿ ಒಗೆಯಬಹುದು. ಮರ ಬಾಗುತ್ತದೆ, ಬಟ್ಟೆ ಅದರ ಮೇಲೆ ಸುಮ್ಮನೆ ಕೂತಿರುತ್ತದೆ.

ಇವೆರಡೂ ಒಂದಾದದ್ದು ಅಮೆರಿಕದಲ್ಲಿ. ಮಿಷಿಗನ್ ರಾಜ್ಯದ ಮನ್ರೋ ಎಂಬ ಸಣ್ಣ ಊರಿನಲ್ಲಿ ಎಡ್ವರ್ಡ್ ನಬುಷ್, ಎಡ್ವಿನ್ ಶೂಮೇಕರ್ ಎಂಬ ಸೋದರ ಸಂಬಂಧಿಗಳಿದ್ದರು. 1928ರಲ್ಲಿ ಅವರು ಕಿತ್ತಳೆ ಹಣ್ಣಿನ ಪೆಟ್ಟಿಗೆಯ ಹಲಗೆಗಳನ್ನು ಜೋಡಿಸಿ ಪ್ರಯೋಗ ನಡೆಸಿ, ಮರದ ಪಟ್ಟಿಗಳ ಒಂದು ಒರಗುವ ಕುರ್ಚಿ ಮಾಡಿದರು. ಜಗಲಿಯಲ್ಲಿ ಹಾಕುವ ಕುರ್ಚಿ. ಮೈ ಬಾಗಿದಂತೆ ಬೆನ್ನೂ ಆಸನವೂ ಒಟ್ಟಿಗೆ ಸರಿಯುವುದು ಅದರ ವಿಶೇಷ. ಅದನ್ನು ನೋಡಿದ ವ್ಯಾಪಾರಿಯೊಬ್ಬ, ಇದು ಬೇಸಿಗೆಯಲ್ಲಿ ಮಾತ್ರ ಹೊರಗೆ ಕೂಡುವುದಕ್ಕಾಯಿತು, ಇದಕ್ಕೇ ಮೆತ್ತೆ ಹೊಲಿದರೆ ವರ್ಷವಿಡೀ ಮನೆಯೊಳಗೆ ಮಾರಬಹುದಲ್ಲ ಎಂದನಂತೆ. ಮರುವರ್ಷವೇ ಮೆತ್ತೆ ಹೊದಿಸಿದ ಕುರ್ಚಿ ಸಿದ್ಧವಾಯಿತು. ಹೆಸರಿಗಾಗಿ ಸ್ಪರ್ಧೆ ಇಟ್ಟರು. ಬಂದ ಹೆಸರುಗಳಲ್ಲಿ ಗೆದ್ದದ್ದು ‘ಲೇ-ಜಿ-ಬಾಯ್’, ಅಂದರೆ ಸೋಮಾರಿ ಹುಡುಗ! ಅದೇ ದಶಕಗಳಲ್ಲಿ ಹಂಗೇರಿಯಿಂದ ಹೋದ ಆಂಟನ್ ಲೊರೆಂಜ್ ಎಂಬ ಕುಶಲಿ ಇನ್ನೊಂದು ಬಗೆಯ ಯಂತ್ರ ರೂಪಿಸಿದ. ಬಫಲೋ ನಗರದ ಬಾರ್ಕಲೋ ಕಂಪನಿ 1940ರ ದಶಕದಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. 1961ರಲ್ಲಿ ಮನ್ರೋದವರು ತೂಗುವ ಕುರ್ಚಿಗೂ ಕಾಲ್ಮೆತ್ತೆಗೂ ಜೋಡಿ ಹಾಕಿ ಇನ್ನೊಂದು ಮಾದರಿ ತಂದರು. ನಮ್ಮ ಅವ್ವನ ಇಮಾನದ ಕುರ್ಚಿ ಈ ಸಂತಾನದ್ದು.

ಇಲ್ಲಿಂದ ಮುಂದೆ ಹೊದಿಕೆಯ ಕೆಲಸ ಬದಲಾಯಿತು. ಗಾದಿಯ ಗವುಸು ಮಲಗಿರುತ್ತದೆ, ಆರಾಮ ಕುರ್ಚಿಯ ಬಟ್ಟೆ ಜೋತಿರುತ್ತದೆ, ಮಾರಿಸ್ ಕುರ್ಚಿಯದು ಕೂತಿರುತ್ತದೆ. ರಿಕ್ಲೈನರಿನ ಹೊದಿಕೆ ಮಾತ್ರ ಚಲಿಸಬೇಕು. ಬೆನ್ನು ಇಳಿಯುವಾಗ ಆಸನ ಮುಂದಕ್ಕೆ ಜಾರುತ್ತದೆ, ಕಾಲ್ಮೆತ್ತೆ ಕತ್ತರಿಯಂಥ ಪಟ್ಟಿಗಳ ಮೇಲೆ ಹೊರಬರುತ್ತದೆ. ನಡುವಿನ ಬಟ್ಟೆ ಬಿಗಿದರೆ ಹರಿಯುತ್ತದೆ, ಸಡಿಲವಾದರೆ ಪಟ್ಟಿಗಳಿಗೆ ಸಿಕ್ಕಿಕೊಳ್ಳುತ್ತದೆ. ಮೇಲೊಂದು ಸಾಮಾನ್ಯ ಸೋಫಾ ಕವರನ್ನು ಎಳೆದು ಹಾಕಿದರೆ ಮೂರನೆಯ ಸಲ ಹಿಡಿ ಎಳೆಯುವಷ್ಟರಲ್ಲಿ ಅದು ಒಳಗೆ ಹೂತುಹೋಗುತ್ತದೆ. ನಾವೂ ಒಂದನ್ನು ತಂದು ಹಾಕಿ ನೋಡಿ ಕೈಸುಟ್ಟುಕೊಂಡವರು.

ಒಳಗಿನ ತುಂಬುವಿಕೆಯೂ ಈ ನಡುವೆ ಬದಲಾಗಿತ್ತು. ಕುದುರೆಯ ಕೂದಲಿನ ಕಾಲ ಹೋಯಿತು. 1929ರಲ್ಲಿ ಇಂಗ್ಲೆಂಡಿನ ಡನ್ಲಪ್ ಕಂಪನಿಯ ಇ. ಎ. ಮರ್ಫಿ ರಬ್ಬರಿನ ಹಾಲನ್ನು ಮೊಟ್ಟೆಯ ಬಿಳಿಯಂತೆ ಕಡೆದು ನೊರೆ ಬರಿಸಿ ಗಟ್ಟಿ ಮಾಡಿದ. ಅದಕ್ಕಾಗಿ ಮನೆಯ ಅಡಿಗೆಯ ಯಂತ್ರವನ್ನೇ ಬಳಸಿದನೆಂಬ ಕಥೆ ಇದೆ. ನಮ್ಮಲ್ಲಿ ಮೆತ್ತನೆಯ ಹಾಸಿಗೆಗೆಲ್ಲ ‘ಡನ್ಲಪ್’ ಎಂಬ ಹೆಸರು ನಿಂತದ್ದು ಇದರಿಂದ. 1937ರಲ್ಲಿ ಜರ್ಮನಿಯ ಓಟೋ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದ. 1950ರ ದಶಕದಿಂದ ಅದರ ಫೋಮ್ ರಬ್ಬರನ್ನು ಹಿಂದೆ ತಳ್ಳಿತು. ನಮ್ಮ ನಾಡಿನಲ್ಲಿ ತೆಂಗಿನ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಮಾಡುವ ಹಾಸಿಗೆಯನ್ನು ಮನೆಮಾತಾಗಿಸಿದ್ದು 1962ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕರ್ಲಾನ್.

ಹೊರಗಿನ ಹೊದಿಕೆಗೆ ಬಂದದ್ದು ರೆಕ್ಸಿನ್. ಇದು ಒಂದು ಕಂಪನಿಯ ಹೆಸರು; ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬಲ್ಲಿ ಅದರ ಕಾರ್ಖಾನೆಯಿತ್ತು. ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸಿನ ಲೇಪ ಹಚ್ಚಿ, ಚರ್ಮದ ಗೆರೆಗಳು ಮೂಡುವಂತೆ ಒತ್ತಿ ಮಾಡುತ್ತಿದ್ದರು. ಕಂಪನಿಯ ಹೆಸರು ನಮ್ಮಲ್ಲಿ ವಸ್ತುವಿನ ಹೆಸರೇ ಆಗಿ, ಲೇಪ ಪ್ಲಾಸ್ಟಿಕ್ಕಿಗೆ ಬದಲಾದಮೇಲೂ ಉಳಿಯಿತು. ಮುಂಬಯಿ ಕನ್ನಡಿಗರ ಬೆನ್ನಿಗೆ ಫೋಮು, ರೆಕ್ಸಿನ್ನುಗಳ ಉಪಕಾರ ತಿಳಿದದ್ದು ರೈಲಿನಲ್ಲಿ. ಎರಡನೆಯ ದರ್ಜೆಯ ಮಲಗುವ ಹಲಗೆಗಳು ಆಗ ನಿಜವಾಗಿಯೂ ಹಲಗೆಗಳೇ. 1974ರಲ್ಲಿ ಅಪ್ಪ ಬಂದದ್ದು ಬರೀ ಮರದ ಮೇಲೆ. 1977ರಲ್ಲಿ ಕೊಂಕಣದ ರಾಜಾಪುರದಿಂದ ಆರಿಸಿ ಬಂದ ಪ್ರಾಧ್ಯಾಪಕ ಮಧು ದಂಡವತೆ ರೈಲ್ವೆ ಮಂತ್ರಿಯಾದಾಗ ಆ ಹಲಗೆಗಳಿಗೆ ಎರಡು ಇಂಚಿನ ಫೋಮ್ ಹಾಕಿಸತೊಡಗಿದರು. ಮುಂದಿನ ವರ್ಷಗಳಲ್ಲಿ ಅದು ಎಲ್ಲ ಗಾಡಿಗಳಿಗೂ ಹರಡಿತು. ಮೊದಲ ದರ್ಜೆಯವರಿಗೆ ಮಾತ್ರ ಮೀಸಲಾಗಿದ್ದ ಮೆತ್ತೆ ಊರಿಗೆ ಹೋಗುವ ಬಡ ನೌಕರನಿಗೂ ಸಿಕ್ಕಿತು. ಮೊದಲ ಸಲ ಅದರ ಮೇಲೆ ಮಲಗಿ ಬಂದ ಅಪ್ಪ, ಗಾಡಿ ಮೀರಜ ಮುಟ್ಟಿದ್ದೇ ತಿಳಿಯಲಿಲ್ಲವೆಂದು ಬಹಳ ದಿನ ಹೇಳಿಕೊಂಡಿದ್ದ. ಇತಿಹಾಸಕಾರರು ಆ ಎರಡು ಇಂಚಿಗೆ ಇನ್ನೂ ತಕ್ಕ ಜಾಗ ಕೊಟ್ಟಿಲ್ಲವೆಂಬುದು ನಮ್ಮ ಮತ.

ಹಳೆಯ ರೆಕ್ಸಿನ್ ಬಿರುಕು ಬಿಡುತ್ತಿತ್ತೇ ಹೊರತು ಹೊಟ್ಟಾಗಿ ಉದುರುತ್ತಿರಲಿಲ್ಲ. ಅವ್ವನ ಕುರ್ಚಿಯ ‘ಚರ್ಮ’ ಬೇರೆ. ಅದಕ್ಕೆ ಬಾಂಡೆಡ್ ಲೆದರ್ ಎನ್ನುತ್ತಾರೆ. ಚರ್ಮದ ಚೂರುಗಳನ್ನು ಪುಡಿಮಾಡಿ ಬಟ್ಟೆಗೆ ಅಂಟಿಸಿ, ಮೇಲೆ ಪಾಲಿಯುರೆಥೇನಿನ ತೆಳು ಪೊರೆ ಎಳೆದಿರುತ್ತಾರೆ. ಗಾಳಿಯ ತೇವ ಈ ಪೊರೆಯನ್ನು ಒಳಗಿಂದೊಳಗೇ ಮುರಿಯುತ್ತದೆ, ಬೆವರೂ ತಲೆಯೆಣ್ಣೆಯೂ ಅದಕ್ಕೆ ಕೈಜೋಡಿಸುತ್ತವೆ. ನಾಲ್ಕು ತಿಂಗಳು ಗೋಡೆಯೇ ಬೆವರುವ ಮುಂಬಯಿ ಕರಾವಳಿಯಲ್ಲಿ ಅದು ಎಷ್ಟು ದಿನ ಬಾಳೀತು? ಒಣಹವೆಯ ದೇಶದವರಿಗೆ ಒಪ್ಪಬಹುದಾದ ವಸ್ತುವನ್ನು ಇಲ್ಲಿಗೆ ತಂದು ಮಾರುವವರು ಇದನ್ನು ಒಂದು ಮಾತು ಹೇಳಬಹುದಿತ್ತು.

ಕೊನೆಗೆ ಸಿಕ್ಕಿದವರು ಕಲ್ಯಾಣ ರಸ್ತೆಯ ಪಕ್ಕ ತಗಡಿನ ಚಪ್ಪರದಲ್ಲಿ ಕೆಲಸ ಮಾಡುವ ಒಬ್ಬ ಕುಶನ್ ಮಿಸ್ತ್ರಿ. ಉತ್ತರ ಪ್ರದೇಶದವರು, ಅರವತ್ತರ ಆಸುಪಾಸು. ಕುರ್ಚಿಯನ್ನು ಎರ್ರಾಬಿರ್ರಿ ಹರಿಯಲಿಲ್ಲ. ಮೊದಲು ಮುಚ್ಚಿದ ಸ್ಥಿತಿಯಲ್ಲಿ, ಆಮೇಲೆ ಪೂರ್ತಿ ಬಿಡಿಸಿದ ಸ್ಥಿತಿಯಲ್ಲಿ, ಹೀಗೆ ಎರಡು ಸಲ ಅಳತೆ ತೆಗೆದರು. ಬೆನ್ನಿನ ಹಿಂದೆ ಕೈ ತೂರಿಸಿ ಎರಡು ಬದಿಯ ಕೀಲಕಗಳನ್ನು ಸಡಿಲಿಸಿ ಬೆನ್ನನ್ನು ಮೇಲಕ್ಕೆ ಎತ್ತಿದಾಗ ಅದು ಬಾಗಿಲಿನಂತೆ ಕಳಚಿ ಬಂತು! ಅದು ಕಳಚುತ್ತದೆಂದು ಐದು ವರ್ಷ ನಮಗೆ ಗೊತ್ತೇ ಇರಲಿಲ್ಲ. ಒಂದೊಂದು ತುಂಡಿನ ಮೇಲೂ ಸೀಮೆಸುಣ್ಣದಿಂದ ಗುರುತು, ಮೇಲು ಕೆಳಗಿನ ಬಾಣ. ಆಮೇಲೆಯೇ ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿ ಹಳೆಯ ಹೊದಿಕೆಯನ್ನು ಹರಿಯದಂತೆ ಬಿಚ್ಚಿ, ಹೊಲಿಗೆ ಬಿಡಿಸಿ, ಅದನ್ನೇ ಹೊಸ ಬಟ್ಟೆಯ ಮೇಲೆ ಹಾಸಿ ಕತ್ತರಿಸುವ ಅಳತೆಯಾಗಿ ಇಟ್ಟುಕೊಂಡರು. ಆಸನದ ಸಂದಿಯಿಂದ ಏಳು ರೂಪಾಯಿ ಚಿಲ್ಲರೆ, ಎರಡು ಹೇರ್‌ಪಿನ್ನು, ಮೊಮ್ಮಗನ ಪೆನ್ಸಿಲು, ಅವ್ವನ ಜಪಸರದ ಒಂದು ಮಣಿ ಹೊರಬಿದ್ದವು. ಮಣಿಯನ್ನು ಅವ್ವ ಒಂದು ವರ್ಷದಿಂದ ಹುಡುಕುತ್ತಿದ್ದಳು.

ಬಟ್ಟೆಯ ಮಾತು ಬಂದಾಗ ಮಿಸ್ತ್ರಿ ಹೊಸ ರೆಕ್ಸಿನ್ನಿನ ತುಂಡುಗಳನ್ನು ಹರಡಿದರು. ಅವ್ವ ಒಪ್ಪಲಿಲ್ಲ.

“ತಮ್ಮಾ, ಬಿಚ್ಚಿ ಒಗಿಯಾಕ ಬರಬೇಕು ನೋಡು. ಒಗಿಯಾಕ ಬರದ ಅರಿಬಿ ಮ್ಯಾಲ ಎಷ್ಟ ದಿನಾ ಕುಂದ್ರೂದು?”

ನಾವು ಅದನ್ನು ಹಿಂದಿಯಲ್ಲಿ ಹೇಳಿದೆವು. ಮಿಸ್ತ್ರಿ ತಲೆಯಾಡಿಸಿದರು. ಇದು ಓಡಾಡುವ ಕುರ್ಚಿ, ಪೂರ್ತಿ ಸಡಿಲ ಗವುಸು ಆಗದು, ಯಂತ್ರಕ್ಕೆ ಸಿಕ್ಕಿದರೆ ತಾಯಿಯವರಿಗೆ ಪೆಟ್ಟಾದೀತು ಎಂದರು. ಹೇಳಿದ್ದು ಸರಿಯೇ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಒಂದು ಉಪಾಯ ತೆಗೆದರು. ಯಂತ್ರದ ಹತ್ತಿರ ಬರುವ ಭಾಗಗಳಾದ ಪಕ್ಕ, ತಳ, ಕಾಲ್ಮೆತ್ತೆಯ ಸಂದಿಗಳಿಗೆ ಬಿಗಿ ಹೊದಿಕೆ, ಪಿನ್ ಹೊಡೆದದ್ದು. ಮೈ ತಾಗುವ ಭಾಗಗಳಾದ ಆಸನ, ಬೆನ್ನು, ತಲೆಯಾನು, ಎರಡು ತೋಳುಗಳಿಗೆ ಜಿಪ್ಪು ಹಾಕಿದ ಬಿಡಿ ಗವುಸು. ಆಸನದಿಂದ ಕಾಲ್ಮೆತ್ತೆಗೆ ಹೋಗುವ ಕಡೆ, ಪೂರ್ತಿ ಬಿಡಿಸಿದಾಗಲೂ ಎಳೆಯದಷ್ಟು ಬಟ್ಟೆಯನ್ನು ಒಳಮಡಿಕೆಯಾಗಿ ಬಿಡುವುದು. ಒಟ್ಟು 54 ಇಂಚು ಪನ್ನದ ದಪ್ಪ ಹತ್ತಿ ಬಟ್ಟೆ ಬೇಕು, ಒಂಬತ್ತು ಮೀಟರು.

ಬಟ್ಟೆಯನ್ನು ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ಅದ್ದಿಡಬೇಕೆಂದು ಹೇಳಿದವಳು ಅವ್ವ. ಹೊಲಿದಮೇಲೆ ಒಗೆದರೆ ಹತ್ತಿ ಕುಗ್ಗುತ್ತದೆ, ಜಿಪ್ಪು ಮುಚ್ಚುವುದಿಲ್ಲ. ಮಿಸ್ತ್ರಿಗೂ ಇದು ಗೊತ್ತು. ಆದರೆ ಈಗಿನ ಗಿರಾಕಿಗಳಿಗೆ ಅಷ್ಟು ವ್ಯವಧಾನವಿಲ್ಲ, ಅದಕ್ಕೇ ಕೇಳುವುದಿಲ್ಲವೆಂದರು. ಇಷ್ಟು ಬಲ್ಲವರು ನೀವು ಯಾವ ಕಡೆಯವರು ಎಂದು ಅವ್ವನನ್ನು ವಿಚಾರಿಸಿದರು. ನಮ್ಮ ಮನೆಗೆ ಪಿಂಜಾರರು ಬರುತ್ತಿದ್ದ ಕಥೆಯನ್ನು ಅವಳು ತನ್ನ ಧಾರವಾಡದ ಹಿಂದಿಯಲ್ಲಿ ಹೇಳತೊಡಗಿದಾಗ ಅವರ ಕೈಯ ಸೂಜಿ ನಿಂತಿತು. ಅವರ ಅಜ್ಜನೂ ಅದೇ ಕಸುಬಿನವರಂತೆ. ಅಲ್ಲಿ ಧುನಿಯಾ ಎನ್ನುತ್ತಾರಂತೆ. ತಂದೆ ಬಿಲ್ಲು ಬಿಟ್ಟು ಮುಂಬಯಿಗೆ ಬಂದು ಗಾದಿ ಹೊಲಿದರು, ತಾವು ಸೋಫಾ ಕಲಿತರು, ಮಗ ಫೋಮಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅಜ್ಜನ ಬಿಲ್ಲು ಊರಿನ ಮನೆಯ ತೊಲೆಗೆ ಇನ್ನೂ ಕಟ್ಟಿದೆಯಂತೆ, ನರ ಮಾತ್ರ ಇಲ್ಲ.

ನಾಲ್ಕು ದಿನದ ಕೆಲಸ. ಬಟ್ಟೆ, ಮಜೂರಿ, ಆಸನದ ಹೊಸ ಫೋಮು ಸೇರಿ ಹೊಸ ಕುರ್ಚಿಯ ಬೆಲೆಯ ಮೂರರಲ್ಲೊಂದು ಪಾಲಿಗಿಂತ ಕಡಿಮೆ ಬಿತ್ತು. ಬೆನ್ನನ್ನು ಮತ್ತೆ ಸಿಕ್ಕಿಸಿ, ಹಿಡಿಯನ್ನು ಇಪ್ಪತ್ತು ಸಲ ಎಳೆದು ಬಿಟ್ಟು, ಎಲ್ಲಿಯೂ ಬಟ್ಟೆ ಸಿಕ್ಕುವುದಿಲ್ಲವೆಂದು ಕೈಯಾಡಿಸಿ ನೋಡಿದ ಮೇಲೆಯೇ ಮಿಸ್ತ್ರಿ ಅವ್ವನನ್ನು ಕೂಡಿಸಿದರು. ಅವಳು ತೋಳಿನ ಗವುಸನ್ನು ಒಮ್ಮೆ ಬಿಚ್ಚಿ, ಒಮ್ಮೆ ಹಾಕಿ, ಆಮೇಲೆ ಒರಗಿದಳು.

ಒಂಬತ್ತು ಮೀಟರಿನಲ್ಲಿ ಎರಡು ಮೀಟರಿನಷ್ಟು ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ. ಅಟ್ಟದಿಂದ ಇಳಿಸಿದ ಚೌಕಟ್ಟಿಗೆ ಅಗಸೆಯೆಣ್ಣೆ ಒರೆಸಿದೆವು. ಅವ್ವ ಕೂತಲ್ಲಿಂದಲೇ ಅಳತೆ ಹೇಳಿದಳು, ಸೊಸೆ ಹೊಲಿಗೆ ಯಂತ್ರದಲ್ಲಿ ಎರಡು ತುದಿಗೂ ಅಗಲದ ಮಡಿಕೆ ಹೊಡೆದಳು, ಕೋಲುಗಳು ತೂರಿದವು. ಅಪ್ಪನ ಕುರ್ಚಿ ಈಗ ಗ್ಯಾಲರಿಯ ಬಾಗಿಲಲ್ಲಿ, ಇಮಾನದ ಕುರ್ಚಿಗೆ ಎದುರಾಗಿ ಇದೆ. ಮೊಮ್ಮಗ ಆ ಮೇಲಿನ ಕೋಲನ್ನು ಎರಡು ದಿನದಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಾನೆ. ನಾವು ಅವನಿಗೆ ಏನನ್ನೂ ಹೇಳಿಕೊಟ್ಟಿಲ್ಲ. ಕೂಡುವ ಮುಂಚೆ ಮಾತ್ರ ಬಟ್ಟೆಯನ್ನು ಕೈಯಿಂದ ಒಮ್ಮೆ ಒತ್ತಿ ನೋಡಿಯೇ ಕೂಡುತ್ತೇವೆ.